ಸೋಸಿದ್ದು ಸರಿ, ಉಳಿದದ್ದು ಎಲ್ಲಿಗೆ?

ಮೊನ್ನೆ ಭಾನುವಾರ ನನ್ನ ತಂಗಿಯ ಮಗ ಊಟಕ್ಕೆ ಬಂದಿದ್ದ. ಕೆಮಿಕಲ್ ಎಂಜಿನಿಯರಿಂಗ್ ಓದಿದ ಹುಡುಗ, ನೀರು ಶುದ್ಧ ಮಾಡುವ ಯಂತ್ರಗಳ ಕೆಲಸ. ನಮ್ಮ ಮನೆಯಾಕೆ ಡಾಕ್ಟರ ಮಾತು ಕೇಳಿ ಈಚೆಗೆ ಕೋಸಂಬರಿಗೂ ಆಲಿವ್ ಎಣ್ಣೆ ಹಾಕುತ್ತಾಳೆ. (ಕೋಸಂಬರಿಗೆ ಆಲಿವ್ ಎಣ್ಣೆ! ಪುಣೆಗೆ ಬಂದು ಮೂವತ್ತು ವರ್ಷವಾದರೂ ಇದೊಂದು ನನಗೆ ಒಗ್ಗಿಲ್ಲ.) ಬಾಟಲಿ ಕಂಡದ್ದೇ ತಡ, ಹುಡುಗ ಶುರು ಮಾಡಿದ. ಈ ಎಣ್ಣೆ ತೆಗೆಯುವಾಗ ಬರುವ ಕೊಳೆನೀರು ಸ್ಪೇನ್, ಇಟಲಿ, ಗ್ರೀಸ್, ಟ್ಯುನೀಷಿಯಾಗಳಿಗೆ ದೊಡ್ಡ ತಲೆನೋವಂತೆ, ಅದಕ್ಕೀಗ ಮೆಂಬ್ರೇನ್ ಅನ್ನೋ ಮದ್ದು ಸಿಕ್ಕಿದೆಯಂತೆ. "ಮಾವ, ಮೆಂಬ್ರೇನ್ ಹಾಕಿದ್ರೆ ಮುಗೀತು. ಆ ಕಡೆಯಿಂದ ಕಪ್ಪು ನೀರು, ಈ ಕಡೆ ತಿಳಿನೀರು" ಅಂದ.

ಈ "ಮುಗೀತು" ಅನ್ನೋ ಮಾತು ಕೇಳಿದರೆ ನನಗೆ ಮೈಯೆಲ್ಲಾ ಉರಿಯುತ್ತೆ. ಸಾಲ ಕೇಳೋಕೆ ಬಂದವರ ಬಾಯಲ್ಲಿ ಈ ಮಾತನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ನಾನು ಬಿ.ಕಾಂ., ವಿಜ್ಞಾನ ನನ್ನ ಸಬ್ಜೆಕ್ಟ್ ಅಲ್ಲ. ಆದರೂ ಒಂದು ವಾರ ರಾತ್ರಿ ಕೂತು ಓದಿದೆ. ಓದಿದ ಮೇಲೆ ಉರಿ ಇನ್ನೂ ಜಾಸ್ತಿ ಆಯ್ತು.

ಮೊದಲು ಆ ನೀರಿನ ಕಥೆ ಕೇಳಿ. ಒಂದು ಟನ್ ಆಲಿವ್ ಕಾಯಿ ಅರೆದರೆ ಸಿಗೋ ಎಣ್ಣೆ ಸುಮಾರು 200 ಕಿಲೋ. ಹಳೇ ಪದ್ಧತಿಯ ಯಂತ್ರಗಳಲ್ಲಿ ಅರೆದ ಕಾಯಿಗೆ ನೀರು ಬೆರೆಸಿ, ಗಿರ್ರನೆ ತಿರುಗಿಸಿ, ಎಣ್ಣೆ, ನೀರು, ಹಿಂಡಿ ಅಂತ ಮೂರು ಪಾಲು ಮಾಡುತ್ತಾರೆ. ಆಗ ಟನ್ನಿಗೆ ಸಾವಿರ ಲೀಟರ್ ಅಥವಾ ಅದಕ್ಕೂ ಹೆಚ್ಚು ಕಪ್ಪು ನೀರು ಬರುತ್ತೆ. ಸ್ಪೇನಿನವರು ಇದಕ್ಕೆ ಅಲ್ಪೆಚಿನ್ ಅನ್ನುತ್ತಾರೆ, ಗ್ರೀಕರು ಕಟ್ಸಿಗಾರೋಸ್. ಊರಿನ ಚರಂಡಿ ನೀರು ಒಂದು ಲೀಟರಿನಲ್ಲಿರೋ ಕೊಳೆಯನ್ನ ಸುಡೋಕೆ ಹೆಚ್ಚುಕಡಿಮೆ ಅರ್ಧ ಗ್ರಾಂ ಆಮ್ಲಜನಕ ಸಾಕು. ಈ ನೀರಿಗೆ ಸಾಮಾನ್ಯವಾಗಿ 50ರಿಂದ 150 ಗ್ರಾಂ ಬೇಕು! ಅದರ ಮೇಲೆ ಫೀನಾಲ್‌ಗಳು. ಕೊಳೆ ತಿನ್ನೋ ಬ್ಯಾಕ್ಟೀರಿಯಾಗಳನ್ನೇ ಅವು ಕೊಲ್ಲೋದರಿಂದ ಮಾಮೂಲಿ ಚರಂಡಿ ಶುದ್ಧೀಕರಣ ಘಟಕಕ್ಕೆ ಬಿಟ್ಟರೆ ಘಟಕವೇ ಮಲಗುತ್ತೆ. ನದಿಗೆ ಬಿಡಬಾರದು ಅಂತ ಸ್ಪೇನ್ 1981ರಲ್ಲೇ ಕಾನೂನು ಮಾಡಿ, ನೂರಾರು ಕೊಳ ತೋಡಿ ಬಿಸಿಲಿಗೆ ಒಣಗಿಸೋಕೆ ಹೊರಟಿತು. ನದಿ ಉಳೀತು, ಕೊಳದ ವಾಸನೆ ಪಕ್ಕದ ಊರಿನವರ ಪಾಲಾಯ್ತು.

ಇನ್ನು ಮೆಂಬ್ರೇನ್. ಅಂದರೆ ಪೊರೆ, ಬಹಳ ಸಣ್ಣ ರಂಧ್ರಗಳ ಜರಡಿ. ಮೊದಲ ಜರಡಿಯಲ್ಲಿ ಚರಟ, ಎಣ್ಣೆಯ ಹನಿ ನಿಲ್ಲುತ್ತೆ. ಅದಕ್ಕಿಂತ ಸಣ್ಣದರಲ್ಲಿ ಪೆಕ್ಟಿನ್‌ನಂಥ ದೊಡ್ಡ ಅಣುಗಳು. ಫೀನಾಲ್‌ಗಳು ಪುಟ್ಟವು, ಅಲ್ಲೂ ನುಸುಳುತ್ತವೆ, ಅವನ್ನ ಹಿಡಿಯೋಕೆ ನ್ಯಾನೋ ಫಿಲ್ಟರ್ ಬೇಕು, ಕೊನೆಗೆ ಆರ್‌ಒ. ಇಷ್ಟೆಲ್ಲಾ ಆದಮೇಲೆ ತಿಳಿನೀರು ಬರೋದು ನಿಜ. ನಾನು ಅದನ್ನ ಅಲ್ಲಗಳೆಯೋದಿಲ್ಲ.

ಆದರೆ ಸ್ವಾಮಿ, ನಿಮ್ಮ ಅಡುಗೆಮನೆಯ ಆರ್‌ಒ ನೋಡಿ. ಒಂದು ನಲ್ಲಿಯಲ್ಲಿ ಕುಡಿಯೋ ನೀರು, ಇನ್ನೊಂದು ಸಪೂರ ಪೈಪು ಸಿಂಕಿಗೆ. ಆ ಪೈಪಿನ ಬಗ್ಗೆ ಜಾಹೀರಾತಿನಲ್ಲಿ ಯಾರೂ ಮಾತಾಡಲ್ಲ. ಪೊರೆ ಕೊಳೆಯನ್ನ ಸುಡೋದಿಲ್ಲ, ಕರಗಿಸೋದಿಲ್ಲ, ಬರೀ ಪಾಲು ಮಾಡುತ್ತೆ. ನೂರು ಲೀಟರಿನಲ್ಲಿ ಎಂಬತ್ತು ತಿಳಿಯಾಗಿ ಬಂತು ಅಂತಲೇ ಇಟ್ಟುಕೊಳ್ಳಿ. ಉಳಿದ ಇಪ್ಪತ್ತು ಲೀಟರಿನಲ್ಲಿ ಮೊದಲಿನ ಕೊಳೆ ಹೆಚ್ಚುಕಡಿಮೆ ಪೂರ್ತಿ ಇದೆ, ಐದು ಪಟ್ಟು ಗಟ್ಟಿಯಾಗಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ವಸೂಲಾಗದ ಸಾಲವನ್ನ ಬೇರೆ ಖಾತೆಗೆ ಎತ್ತಿಹಾಕಿ ಈ ಖಾತೆ ಕ್ಲೀನ್ ಅಂದ ಹಾಗೆ. ಆಡಿಟರು ಒಪ್ಪುತ್ತಾರಾ?

ಇಷ್ಟಕ್ಕೇ ಮುಗಿಯಲ್ಲ. ಈ ನೀರು ಪೊರೆಯನ್ನೇ ಕಟ್ಟಿಹಾಕುತ್ತೆ. ಪೆಕ್ಟಿನ್, ಜಿಡ್ಡು, ಫೀನಾಲ್ ಎಲ್ಲಾ ಸೇರಿ ರಂಧ್ರ ಮುಚ್ಚಿ ಹರಿವು ಇಳಿಯುತ್ತೆ. ಆಮೇಲೆ ಕಾಸ್ಟಿಕ್ ಸೋಡಾ, ಆಸಿಡ್ ಹಾಕಿ ತೊಳೀಬೇಕು. ತೊಳೆದ ನೀರು? ಅದೂ ಕೊಳೆನೀರೇ.

ಈಗ ಹಣದ ವಿಷಯ, ನನ್ನ ಕ್ಷೇತ್ರ. ಆಲಿವ್ ಸುಗ್ಗಿ ವರ್ಷಕ್ಕೆ ಮೂರೋ ನಾಲ್ಕೋ ತಿಂಗಳು, ಚಳಿಗಾಲದ ಆಸುಪಾಸು. ಆ ದೇಶಗಳಲ್ಲಿ ಮನೆತನದವರೇ ನಡೆಸೋ ಚಿಕ್ಕ ಗಾಣಗಳು ಊರೂರಲ್ಲಿ ಚದುರಿವೆ. ಯಂತ್ರ ಓಡೋದು ನಾಲ್ಕು ತಿಂಗಳು, ಬಡ್ಡಿ ಓಡೋದು ಹನ್ನೆರಡು ತಿಂಗಳು. ಇಂಥ ಒಂದು ಫೈಲು ನನ್ನ ಟೇಬಲ್ಲಿಗೂ ಬಂದಿತ್ತು, ಆಲಿವ್ ಅಲ್ಲ, ಇಲ್ಲೇ ಹತ್ತಿರದ ಒಂದು ಹಣ್ಣಿನ ರಸದ ಕಾರ್ಖಾನೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ತಿಳಿನೀರಿನ ಬಗ್ಗೆ ಆರು ಪುಟ, ಉಳಿದ ಗಟ್ಟಿ ನೀರಿಗೆ ಒಂದು ಸಾಲು: "ಸೂಕ್ತವಾಗಿ ವಿಲೇವಾರಿ ಮಾಡಲಾಗುವುದು." ನಾನೂ ಸಹಿ ಹಾಕಿದೆ. ಎರಡು ಮಳೆಗಾಲದ ಮೇಲೆ ಇನ್ಸ್‌ಪೆಕ್ಷನ್ನಿಗೆ ಹೋದರೆ ಪೊರೆಗಳು ಒಣಗಿ ಮೂಲೆಯಲ್ಲಿದ್ದವು, ಹಿಂದಿನ ನಾಲೆ ಮಾತ್ರ ಹರಿಯುತ್ತಿತ್ತು. ಆ ಒಂದು ಸಾಲನ್ನ ನಾನು ಕೆಂಪು ಪೆನ್ನಿನಲ್ಲಿ ಸುತ್ತಬೇಕಿತ್ತು, ಸುತ್ತಲಿಲ್ಲ. ಅದು ನನ್ನ ತಪ್ಪೇ.

ಹಾಗಾದರೆ ಬೇರೆ ದಾರಿ ಇಲ್ವಾ? ಇದೆ, ಆದರೆ ಅದು ಮೊದಲೇ ಮಾಡೋ ಕೆಲಸ. 1990ರ ದಶಕದ ಆರಂಭದಲ್ಲಿ ಸ್ಪೇನಿನವರು ನೀರು ಬೆರೆಸೋದನ್ನೇ ಬಹುಪಾಲು ಬಿಟ್ಟ ಯಂತ್ರ ತಂದರು. ಎಣ್ಣೆ ಒಂದು ಕಡೆ, ಒದ್ದೆ ಹಿಂಡಿ ಇನ್ನೊಂದು ಕಡೆ. ಕಪ್ಪು ನೀರಿನ ಹೊಳೆ ನಿಂತು, ಕಾಯಿ ಮತ್ತು ಎಣ್ಣೆ ತೊಳೆದ ತೆಳು ನೀರು ಮಾತ್ರ ಉಳೀತು. ಆ ಒದ್ದೆ ಹಿಂಡಿಯದೂ ತಲೆನೋವೇ, ಒಣಗಿಸೋಕೆ ಬೇಕಾದಷ್ಟು ಇಂಧನ ಬೇಕು. ಆದರೆ ಲೆಕ್ಕ ಕಣ್ಣೆದುರಿಗಿದೆ, ಯಾವ ಪೈಪಿನಲ್ಲೂ ಅಡಗಿಲ್ಲ. ಮೆಂಬ್ರೇನಿಗೂ ಆ ತೆಳು ನೀರೇ ತಕ್ಕ ಕೆಲಸ.

ನಮ್ಮೂರು ಬಾಳೆಹೊನ್ನೂರಿನ ಕಡೆ. ಕಾಫಿ ಪಲ್ಪಿಂಗ್ ಶುರುವಾದರೆ ಹಳ್ಳದ ನೀರು ಕಂದಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಅಮ್ಮ ಆ ತಿಂಗಳುಗಳಲ್ಲಿ ಅಲ್ಲಿ ಬಟ್ಟೆ ಒಗೆಯೋಕೆ ಬಿಡುತ್ತಿರಲಿಲ್ಲ. ಅದೂ ಚಳಿಗಾಲದ ಮೂರು ತಿಂಗಳ ಕಾಟ. ಕಡಿಮೆ ನೀರು ಬಳಸೋ ಪಲ್ಪರ್‌ಗಳು ಬಂದ ತೋಟಗಳಲ್ಲಿ ಹಳ್ಳಕ್ಕೆ ಹೋಗೋ ನೀರೇ ಕಡಿಮೆಯಾಯ್ತು.

ಹುಡುಗನ ಹತ್ತಿರ ಇನ್ನೊಂದು ಬಾಣವಿತ್ತು. "ಆ ಗಟ್ಟಿ ನೀರಲ್ಲೇ ದುಡ್ಡಿದೆ ಮಾವ, ಹೈಡ್ರಾಕ್ಸಿಟೈರೊಸಾಲ್!" ಇದು ಮಾತ್ರ ಹೌದು. ಕಾಯಿಯ ಫೀನಾಲ್‌ಗಳಲ್ಲಿ ಎಣ್ಣೆಗೆ ಹೋಗೋದು ನೂರಕ್ಕೆ ಎರಡರಷ್ಟು, ಉಳಿದದ್ದೆಲ್ಲಾ ನೀರು ಮತ್ತು ಹಿಂಡಿಗೆ. ಅದೇ ಫೀನಾಲ್ ರಕ್ತದ ಕೊಬ್ಬನ್ನ ಆಕ್ಸಿಡೇಷನ್ ಒತ್ತಡದಿಂದ ಕಾಪಾಡೋಕೆ ನೆರವಾಗುತ್ತೆ ಅಂತ ಬಾಟಲಿ ಮೇಲೆ ಬರೆಯೋಕೆ ಯುರೋಪ್ 2012ರಲ್ಲಿ ಅನುಮತಿ ಕೊಟ್ಟಿದೆ. ಬಾಟಲಿಯಲ್ಲಿದ್ದರೆ ಆರೋಗ್ಯ, ಹಳ್ಳದಲ್ಲಿದ್ದರೆ ವಿಷ! ತೆಗೆದು ಮಾರುವವರು ಮಾರಲಿ, ಪೊರೆಗೆ ಅದು ಗೌರವದ ಕೆಲಸ. ಆದರೆ ಅದು ಔಷಧಿ ವ್ಯಾಪಾರ, ಗಾಣದ ಹಿತ್ತಲಿನಲ್ಲಿ ಆಗೋದಲ್ಲ. ಫೀನಾಲ್ ತೆಗೆದ ಮೇಲೂ ಸಕ್ಕರೆ, ಆಮ್ಲ, ಪೊಟ್ಯಾಷ್ ಅಲ್ಲೇ ಇರುತ್ತೆ. ಎಲ್ಲಾ ಗಾಣದವರೂ ಅದನ್ನೇ ಮಾರೋಕೆ ಹೊರಟರೆ ಬೆಲೆ ಎಲ್ಲಿಗೆ ಇಳಿಯುತ್ತೆ ಅನ್ನೋದಕ್ಕೆ ಎಂಜಿನಿಯರಿಂಗ್ ಬೇಡ, ಬಿ.ಕಾಂ. ಸಾಕು.

ಹುಡುಗ ಸೋಲೊಪ್ಪಿಲ್ಲ. ದೀಪಾವಳಿಗೆ ಬರುವಾಗ ಪೂರ್ತಿ ಲೆಕ್ಕ ತರ್ತೀನಿ ಅಂದಿದ್ದಾನೆ. "ತಾರಪ್ಪ, ಆದರೆ ಆ ಸಪೂರ ಪೈಪಿನ ಕಾಲಂ ಖಾಲಿ ಬಿಟ್ಟುಕೊಂಡು ಬರಬೇಡ" ಅಂದೆ.