ನಾಮಫಲಕದ ಕುಚ್ಚು

ವೈಟ್‌ಫೀಲ್ಡಿನಲ್ಲಿ ನನ್ನ ಸೋದರಸೊಸೆಯು ಚಿಕ್ಕದೊಂದು ತಿಂಡಿಯಂಗಡಿಯನ್ನು ತೆರೆದಿರುವಳು. ಮೊನ್ನೆ ಅದರ ನಾಮಫಲಕವನ್ನು ನೋಡಿ ಬಂದೆನು. ಕೆಳಗಿನ ಇಂಗ್ಲಿಷ್ ಅಕ್ಷರಗಳ ವೈಭವವನ್ನು ಏನೆಂದು ವರ್ಣಿಸಲಿ! ಕಾಲಿಗೆ ಬಳ್ಳಿ, ತುದಿಗೆ ಕುಚ್ಚು. ನೂರು ವರ್ಷದ ಹಿಂದಿನ ಬಿಸ್ಕತ್ತಿನ ಡಬ್ಬಿಯಿಂದ ಇಳಿದು ಬಂದಂತಿದ್ದವು. ಮೇಲಿನ ಕನ್ನಡವೋ, ಕಚೇರಿಯ ಸುತ್ತೋಲೆಯಿಂದ ಕತ್ತರಿಸಿ ಅಂಟಿಸಿದಂತಿತ್ತು.

“ಇದೇನಮ್ಮಾ ಹೀಗೆ?” ಎಂದೆನು.

“ಮೊದಲು ಕನ್ನಡಕ್ಕೂ ಅದೇ ಕುಚ್ಚನ್ನು ಅಂಟಿಸಿದ್ದರು ಅತ್ತೆ. ದೋಸೆ ಧೋಸೆಯಾಯಿತು, ಪಡ್ಡು ಫಡ್ಡಾಯಿತು. ಸಾಕೆಂದು ತೆಗೆಸಿಬಿಟ್ಟೆ.”

ನಕ್ಕೆನಾದರೂ ಮಾತು ಮನಸ್ಸಿನಲ್ಲಿ ನಿಂತಿತು. ಆ ಕುಚ್ಚಿಗೆ ಸೆರಿಫ್ ಎಂದು ಹೆಸರು. ರೋಮ್ ನಗರದಲ್ಲಿ ಕ್ರಿ. ಶ. 113ರ ಟ್ರೇಜನ್ ಸ್ತಂಭದ ಬರಹದಲ್ಲಿಯೇ ಅದು ಅಂದವಾಗಿ ಕಾಣುವುದು. ಗೋಡೆಯ ಜಾಹೀರಾತುಗಳ ಕಾಲ ಬಂದಾಗ ಅದು ಕೊಬ್ಬಿತು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಎಂಬವನು ಮರದ ದೊಡ್ಡ ಮೊಳೆಗಳನ್ನು ಯಂತ್ರದಿಂದ ಕೊರೆಯತೊಡಗಿದ ಮೇಲಂತೂ ಅಲಂಕಾರಕ್ಕೆ ಮಿತಿಯೇ ಉಳಿಯಲಿಲ್ಲ. ಇಂಗ್ಲಿಷಿಗೆ ಅದರಿಂದ ಬಾಧಕವಿಲ್ಲ. ಕುಚ್ಚನ್ನು ಬಿಟ್ಟರೂ ಇಟ್ಟರೂ ಅಕ್ಷರವು ಅದೇ.

ನಮ್ಮ ಲಿಪಿಯ ಸಂಗತಿ ಹಾಗಲ್ಲ. ‘ದ’ದ ಬುಡವನ್ನು ಸೀಳಿದರೆ ‘ಧ’. ‘ಪ’ದ ಒಳಗೆ ಗೀರೆಳೆದರೆ ‘ಷ’, ಬುಡವನ್ನು ಸೀಳಿದರೆ ‘ಫ’. ತಲೆಕಟ್ಟನ್ನು ಒಡವೆಯೆಂದು ಬಗೆದೀರಿ! ‘ಕ’ದ ತಲೆಕಟ್ಟನ್ನು ತೆಗೆದು ಗುಡಿಸನ್ನು ಇಟ್ಟರೆ ‘ಕಿ’ ಆಗುವುದಲ್ಲವೇ? ಪ್ರಾಚೀನ ಲಿಪಿಯಲ್ಲಿ ಅಕ್ಷರದ ತಲೆಯ ಮೇಲಿದ್ದ ಸಣ್ಣ ಗುರುತೇ ನಾಗರಿಯಲ್ಲಿ ಶಿರೋರೇಖೆಯಾಗಿಯೂ ನಮ್ಮಲ್ಲಿ ತಲೆಕಟ್ಟಾಗಿಯೂ ಬೆಳೆಯಿತು. ನಮ್ಮ ಸೆರಿಫ್ ದುಡಿಯುವ ಸೆರಿಫ್. ಅದರ ಮೇಲೆ ಇನ್ನೊಂದನ್ನು ಹೇರಿದರೆ ಓದುಗನು ಎಡವುವನು.

ಒತ್ತಕ್ಷರದ ತೊಡಕು ಬೇರೆ. ಪೀಣ್ಯದಲ್ಲಿ ಒಂದು ಒತ್ತು, ವೈಟ್‌ಫೀಲ್ಡಿನಲ್ಲಿ ಒಂದು; ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದೇ ಅಕ್ಷರದಡಿ ಎರಡು! ಇಂಗ್ಲಿಷಿಗೆ ಅಳೆದ ಪಟ್ಟಿಯಲ್ಲಿ ಇವನ್ನು ತುರುಕಿದರೆ ಇಡೀ ಪದವೇ ಕುಗ್ಗುವುದು. ಫಲಕದಲ್ಲಿ ಶೇಕಡ 60 ಭಾಗ ಕನ್ನಡವಿರಬೇಕೆಂದು 2024ರ ಶಾಸನವು ವಿಧಿಸಿತು. ಜಾಗವೇನೋ ದೊರೆಯಿತು, ಅಂದವನ್ನು ಯಾವ ಶಾಸನ ಕೊಟ್ಟೀತು?

ಅಂದವು ನಮ್ಮಲ್ಲಿ ಇಲ್ಲದಿಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೆದ್ದಾರಿಯಿಂದ ಅನತಿದೂರದ ಬೇಗೂರಿನಲ್ಲಿ, ನಾಗೇಶ್ವರ ದೇವಾಲಯದ ಬಳಿ, ‘ಬೆಂಗಳೂರು’ ಎಂಬ ಹೆಸರನ್ನು ಹೊತ್ತ ಸುಮಾರು ಕ್ರಿ. ಶ. 890ರ ಶಾಸನವಿದೆ. ಗಟ್ಟಿ ಕಲ್ಲಿನಲ್ಲಿಯೂ ಅಕ್ಷರವು ದುಂಡಗೆ ಬಳುಕಿದೆ. ನಮ್ಮ ಕಾಲದಲ್ಲಿ ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ಎಂಬವರು ‘ಅಕಾಯ ಕನ್ನಡಕ’ವೆಂಬ ಶೀರ್ಷಿಕೆಯ ಅಕ್ಷರಗಳನ್ನು ರಚಿಸಿ ಎಲ್ಲರಿಗೂ ಉಚಿತವಾಗಿ ಒದಗಿಸಿರುವರು. ಲೇಖನಿಯ ಓಟವೇ ಅಲ್ಲಿ ಅಲಂಕಾರ.

ಸೊಸೆಯು ಈಗ ಫಲಕವನ್ನು ಕೈಯಿಂದ ಬರೆಯುವ ಒಬ್ಬ ವೃದ್ಧರನ್ನು ಕರೆಸಿರುವಳು. ಬಣ್ಣದ ಮಾತಿಗೆ ಮುಂಚೆ ಅವರು ಕೇಳಿದ್ದು ಒಂದೇ: “ಒತ್ತಿಗೆ ಕೆಳಗೆ ನಾಲ್ಕು ಬೆರಳು ಜಾಗ ಬಿಡ್ತೀರೇನಮ್ಮಾ?”