ಕೆ.ಜಿ. ಲೆಕ್ಕದಲ್ಲಿ ಮಾರಿದ್ದು ಏನನ್ನು?

ಕಾಲೇಜೊಂದರ ಹಿತ್ತಲಲ್ಲಿ ಹಳೆಯ 386 ಕಂಪ್ಯೂಟರುಗಳ ರಾಶಿ ಬಿದ್ದಿತ್ತು. ಸ್ಕ್ರೂಡ್ರೈವರ್ ಹುಡುಕುವಷ್ಟೂ ವ್ಯವಧಾನವಿಲ್ಲದೆ ಸುತ್ತಿಗೆಯಲ್ಲಿ ಒಡೆದಿದ್ದರು. ರಾಶಿ ಕೆದಕಿದಾಗ ಎರಡು ಹೋಳಾದ ಜಿಸ್ಟ್ ಕಾರ್ಡ್ ಸಿಕ್ಕಿತು. ಸ್ಲಾಟಿಗೆ ಕೂರುವ ಚಿನ್ನದ ಲೇಪದ ಅಂಚನ್ನು ಮಾತ್ರ ಯಾರೋ ನೀಟಾಗಿ ಕತ್ತರಿಸಿಕೊಂಡು ಹೋಗಿದ್ದರು.

ಜಿಸ್ಟ್ ಎಂದರೆ ಏನೆಂದು ಗೊತ್ತೇ ನಿಮಗೆ? ಐಐಟಿ ಕಾನ್ಪುರದಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರಜ್ಞಾನ ಅದು. ವಿಂಡೋಸ್ ಕನ್ನಡ ಕಲಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ಡಾಸ್‌ನ ಕಪ್ಪು ಪರದೆಯ ಮೇಲೆ ಗುಣಿತ, ಒತ್ತಕ್ಷರ ಸಮೇತ ಕನ್ನಡ ಮೂಡಿಸಿದ ಕಾರ್ಡು. ತಾಮ್ರಶಾಸನ ಸಿಕ್ಕರೆ ಪತ್ರಿಕೆಯಲ್ಲಿ ಫೋಟೊ ಹಾಕುವ ನಾವು ಇದನ್ನು ಕೆ.ಜಿ. ಲೆಕ್ಕದಲ್ಲಿ ತೂಗಿ ಮಾರಿದ್ದೇವೆ.

'ಕೆಟ್ಟಿತ್ತು' ಅನ್ನುತ್ತಾರೆ. ರಿಪೇರಿ ಮಾಡಿ ನೋಡಿದವರು ಯಾರು? ಆ ಕಾಲದ ಬೋರ್ಡುಗಳಲ್ಲಿ ಗಡಿಯಾರಕ್ಕೆಂದು 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಬೆಸೆದಿರುತ್ತಿದ್ದರು. ಅದು ಸೋರಿ, ಹಸಿರು ಕಿಲುಬು ಹಬ್ಬಿ, ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಬ್ಯಾಟರಿ ಕಿತ್ತು, ವಿನಿಗರ್‌ನಲ್ಲಿ ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ತುಂಡಾದ ಗೆರೆಗೆ ಸಣ್ಣ ತಂತಿ ಬೆಸೆದರೆ ಎಷ್ಟೋ ಬೋರ್ಡುಗಳು ಮತ್ತೆ ಎದ್ದು ಕೂರುತ್ತವೆ. ಬೇಕಾದ ಕೆಪಾಸಿಟರು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಸಿಗದೇ ಇರುವುದು ಈಪ್ರಾಮ್ ಚಿಪ್ಪಿನೊಳಗಿನ ಪ್ರೋಗ್ರಾಂ. ಅದರ ನೆತ್ತಿಯ ಪುಟ್ಟ ಗಾಜಿನ ಕಿಟಕಿಗೆ ಅಂಟಿಸಿದ ಸ್ಟಿಕ್ಕರ್ ಕಿತ್ತು ನೇರ ಬಿಸಿಲಿಗೆ ಎಸೆದರೆ ವಾರದೊಪ್ಪತ್ತಿನಲ್ಲಿ ಒಳಗಿನದೆಲ್ಲ ಅಳಿಸಿಹೋಗಬಹುದು. ಆ ಹಿತ್ತಲಲ್ಲಿ ಅಂಥ ಚಿಪ್ಪುಗಳು ಬರಿಮೈಯಲ್ಲಿ ಬಿಸಿಲು ಕಾಯುತ್ತಿದ್ದವು.

ಡಾಂಗಲ್‌ಗಳ ಗತಿ ಇನ್ನೂ ಘೋರ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡದ ಡಿಟಿಪಿಯಲ್ಲಿ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ. ಅವುಗಳಲ್ಲಿ ಕೆಲವು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಡಾಂಗಲ್ ಇಲ್ಲದೆ ಬಾಯಿಯೇ ಬಿಡುವುದಿಲ್ಲ. ಪ್ರೆಸ್ಸಿನವರು ಫ್ಲಾಪಿಗಳನ್ನು ಜೋಪಾನವಾಗಿಟ್ಟು ಡಾಂಗಲ್ ಬಿಸಾಕಿದರೆ ಆ ಪುಸ್ತಕಗಳ ಪುಟಗಳನ್ನು ಅಂದಿನ ರೂಪದಲ್ಲಿ ತೆರೆಯುವುದು ಹೇಗೆ?

ಒಡೆದದ್ದೇಕೆ ಎಂದರೆ ಮಾಹಿತಿ ಸೋರಿಕೆಯ ಭಯವಂತೆ! ಭಯವಿದ್ದರೆ ಹಾರ್ಡ್ ಡಿಸ್ಕ್ ತೆಗೆದಿಟ್ಟುಕೊಳ್ಳಿ. ಕೀಬೋರ್ಡನ್ನು, ಮಾನಿಟರನ್ನು, ಅಕ್ಷರ ಮೂಡಿಸುವ ಕಾರ್ಡನ್ನು ಪುಡಿಗಟ್ಟಿದರೆ ಯಾರ ಗುಟ್ಟು ಉಳಿಯುತ್ತದೆ? ಇತ್ತ ಕತ್ತರಿಸಿದ ಚಿನ್ನದ ಅಂಚುಗಳು ಆಸಿಡ್ ತೊಟ್ಟಿಗೆ ಬೀಳುತ್ತವೆ. ಕಾರ್ಡೊಂದರಿಂದ ಹೊರಡುವ ಚಿನ್ನ ಮಿಲಿಗ್ರಾಂ ಲೆಕ್ಕದ್ದು. ಅದಕ್ಕಾಗಿ ಕೈಗವಸೂ ಇಲ್ಲದ ಹುಡುಗರು ಆಸಿಡ್ ಹೊಗೆ ಕುಡಿಯುತ್ತಾರೆ. ಉಳಿದ ವಿಷ ಮೋರಿಗೆ.

ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ 1951ರಲ್ಲಿ ಕೆಲಸ ಶುರುಮಾಡಿದ ಡೆಕಾಟ್ರಾನ್ ಕಂಪ್ಯೂಟರಿನ ತೂಕ ಎರಡೂವರೆ ಟನ್. ಗುಜರಿಗೆ ಒಳ್ಳೆ ಮಾಲು! ಆ ದೇಶದವರು ಕೊನೆಗೆ ಅದನ್ನು ಬಿಚ್ಚಿ ಉಗ್ರಾಣದಲ್ಲಿಟ್ಟರು. ಆಸಕ್ತರು ವರ್ಷಗಟ್ಟಲೆ ದುಡಿದು 2012ರಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಮತ್ತೆ ಓಡಿಸಿದರು. ಅಲ್ಲಿ ಯಾರೂ ಪವಾಡ ಮಾಡಲಿಲ್ಲ, ಒಡೆಯದೆ ಇಟ್ಟರು ಅಷ್ಟೆ.

ನಮ್ಮ ಪ್ರೆಸ್ಸು, ಕಚೇರಿ, ಕಾಲೇಜುಗಳ ಅಟ್ಟದಲ್ಲಿ ಇಂಥವು ಇನ್ನೂ ಇವೆ. ಮಾರ್ಚ್ ಲೆಕ್ಕ ಮುಗಿಸುವ ಆತುರದಲ್ಲಿ 'ನಿರುಪಯುಕ್ತ' ಎಂದು ಸಹಿ ಹಾಕುವ ಅಧಿಕಾರಿಗಳೇ, ಹರಾಜಿಗೆ ಮುಂಚೆ ಒಂದು ವಾರ ಬಾಗಿಲು ತೆರೆದಿಡಿ. ಹಳೆಯ ಯಂತ್ರ ರಿಪೇರಿ ಮಾಡುವ ನಮ್ಮಂಥವರು ಬಂದು ನೋಡುತ್ತೇವೆ, ನಮ್ಮ ಗಾಡಿಯಲ್ಲೇ ಹೊತ್ತೊಯ್ಯುತ್ತೇವೆ. ಗುಜರಿಯವನು ಕೊಡುವ ದರವನ್ನೇ ಕೊಡುತ್ತೇವೆ.