ಮುಂದಿನ ವರ್ಷದ ಐವರು ಯಾರು? ಮೊದಲು ನಿಮ್ಮ ಕಾಲೇಜಿನ ಐವರನ್ನು ಹೇಳಿ!

ಕನ್ನಡದ ತರುಣರೇ,

ನಮ್ಮ ಪ್ರೆಸ್ಸಿನ ಪಕ್ಕದ ಟೀ ಅಂಗಡಿಯಲ್ಲಿ ನಾಲ್ವರು ಕಾಲೇಜು ಹುಡುಗರು ಜಗಳಕ್ಕೇ ನಿಂತಿದ್ದರು. ವಿಷಯ ಕಾವೇರಿಯಲ್ಲ, ಮಹಾದಾಯಿಯಲ್ಲ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಿಂದ ಮುಂದಿನ ಸೀಸನ್ನಿನಲ್ಲಿ ಮೊದಲು ಅಂಕಣಕ್ಕಿಳಿಯುವ ಐವರು ಯಾರು ಎಂಬುದು!

ಆಟ ನೋಡಬೇಡಿ ಎನ್ನಲು ನಾನು ಬಂದಿಲ್ಲ. ನೋಡಿ. ಆದರೆ ಆ ಕೆಂಟಕಿಯ ಕಥೆಯನ್ನು ಪೂರ್ತಿ ಓದಿ. ಅದರಲ್ಲಿ ಕನ್ನಡಿಗರಿಗೊಂದು ಪಾಠವಿದೆ.

1989ರಲ್ಲಿ ನಿಯಮ ಮುರಿದ ತಪ್ಪಿಗೆ ಕೆಂಟಕಿ ತಂಡದ ಮೇಲೆ ಕ್ರಮವಾಯಿತು. ಎರಡು ವರ್ಷ ರಾಷ್ಟ್ರೀಯ ಟೂರ್ನಿ ಇಲ್ಲ. ಬಲ್ಲ ಆಟಗಾರರು ಗಂಟುಮೂಟೆ ಕಟ್ಟಿದರು. ಉಳಿದವರಲ್ಲಿ ನಾಲ್ವರು: ರಿಚಿ ಫಾರ್ಮರ್, ಡೆರಾನ್ ಫೆಲ್ಡ್‌ಹೌಸ್, ಜಾನ್ ಪೆಲ್ಫ್ರಿ, ಶಾನ್ ವುಡ್ಸ್. ಮೊದಲ ಮೂವರು ಅದೇ ರಾಜ್ಯದ ಸಣ್ಣ ಊರುಗಳ ಮಕ್ಕಳು. ಮುಂದಿನ ವರ್ಷದ ತಂಡ ಯಾವುದೆಂದು ಅಲ್ಲಿಯ ಹಳ್ಳಿಯವನೂ ಆಗ ಬೆರಳು ಮಡಚಿ ಹೇಳುತ್ತಿದ್ದ. ಅದು ಜ್ಯೋತಿಷ್ಯವಲ್ಲ, ನೆಂಟಸ್ತಿಕೆ!

1992ರಲ್ಲಿ ಅದೇ ತಂಡ ಡ್ಯೂಕ್ ವಿರುದ್ಧ 104-103ರಲ್ಲಿ, ಕೊನೆಯ ಕ್ಷಣದ ಒಂದೇ ಎಸೆತಕ್ಕೆ ಸೋತಿತು. ಸೋತವರ ಅಂಗಿಗಳನ್ನು ಅದೇ ವರ್ಷ ಕ್ರೀಡಾಂಗಣದ ಸೂರಿಗೆ ಏರಿಸಿ ಗೌರವಿಸಿದರು.

ಈಗ? 2021ರಿಂದ ಆಟಗಾರ ತನ್ನ ಹೆಸರು, ಮುಖ ಮಾರಿ ದುಡ್ಡು ಮಾಡಬಹುದು. 2024ರಿಂದ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಬಹುದು. 2025ರ ಜುಲೈಯಿಂದ ಕಾಲೇಜೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಎಲ್ಲ ಆಟಗಳಿಗೂ ಸೇರಿ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್! ಆಟಗಾರನ ಬೆವರಿಗೆ ಬೆಲೆ ಸಿಕ್ಕಿದ್ದು ನ್ಯಾಯವೇ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಊರಿಗೆ ಏನುಳಿಯಿತು?

2024ರಲ್ಲಿ ಕೆಂಟಕಿಯ ಕೋಚ್ ಜಾನ್ ಕ್ಯಾಲಿಪರಿ ಅರ್ಕಾನ್ಸಾಸ್‌ಗೆ ಹೋದರು. ಹೊಸ ಕೋಚ್ ಮಾರ್ಕ್ ಪೋಪ್ ಬಂದಾಗ ಹಿಂದಿನ ವರ್ಷದ ಸ್ಕಾಲರ್‌ಶಿಪ್ ಆಟಗಾರರಲ್ಲಿ ಒಬ್ಬನೂ ಉಳಿಯಲಿಲ್ಲ. ಬಟ್ಲರ್, ಓವೆ, ಕಾರ್, ರಾಬಿನ್ಸನ್, ವಿಲಿಯಮ್ಸ್ ಎಂದು ಐದು ಬೇರೆ ಬೇರೆ ಕಾಲೇಜುಗಳಿಂದ ಆಟಗಾರರನ್ನು ತಂದು ತಂಡ ಕಟ್ಟಬೇಕಾಯಿತು. ಅದೇ ರಾಜ್ಯದ ಹೈಸ್ಕೂಲುಗಳಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ದಾಖಲೆಯ ಹುಡುಗ ಟ್ರಾವಿಸ್ ಪೆರಿ ಕೂಡ ಒಂದು ವರ್ಷ ಆಡಿ, 2025ರಲ್ಲಿ ಮಿಸಿಸಿಪ್ಪಿಯ ದಾರಿ ಹಿಡಿದ. ಇಂಥಲ್ಲಿ ಮುಂದಿನ ವರ್ಷದ ಐವರನ್ನು ಊಹಿಸುವುದು ಸಂತೆಯಲ್ಲಿ ನಿಂತು ನಾಳೆ ಬರುವ ಗಿರಾಕಿಯ ಹೆಸರು ಹೇಳಿದಂತೆ!

'ಗೆದ್ದರೆ ಸಾಕಲ್ಲ ಸಾರ್' ಅನ್ನುತ್ತೀರಾ? ಆ ಹೊಸ ತಂಡ 2025ರಲ್ಲಿ ಕೊನೆಯ ಹದಿನಾರರ ಹಂತದಲ್ಲಿ ಸೋತಿತು. 1992ರ ತಂಡ ಕೊನೆಯ ಎಂಟರಲ್ಲಿ ಸೋತಿತ್ತು. ಇಬ್ಬರೂ ಸೋತವರೇ. ಆದರೆ ಮೂವತ್ತು ವರ್ಷ ಕಳೆದರೂ ಜನರ ಬಾಯಲ್ಲಿ ಉಳಿದ ಹೆಸರು ಯಾರದು?

ಇನ್ನೊಂದು ಮಾತು. ಆ ನಾಲ್ವರಲ್ಲಿ ವುಡ್ಸ್ ಪಕ್ಕದ ಇಂಡಿಯಾನಾ ರಾಜ್ಯದವನು. ಕಷ್ಟಕಾಲದಲ್ಲಿ ಬಿಟ್ಟು ಓಡಲಿಲ್ಲ. ಡ್ಯೂಕ್ ವಿರುದ್ಧ 2.1 ಸೆಕೆಂಡ್ ಉಳಿದಿರುವಾಗ ತಂಡವನ್ನು ಮುಂದೆ ತಂದ ಚೆಂಡು ಅವನದೇ. ಅವನ ಅಂಗಿಯೂ ಸೂರಿನಲ್ಲಿದೆ. ಬಂದವನು ನೆಲೆ ನಿಂತು ಬೆರೆತರೆ ಅವನು ನಮ್ಮವನೇ. ನಮ್ಮ ಹೋರಾಟವೂ ಹೇಳುವುದು ಇಷ್ಟನ್ನೇ ಅಲ್ಲವೇ?

ಈಗ ನಮ್ಮ ಕಡೆ ತಿರುಗೋಣ. 2017ರ ಜುಲೈನಲ್ಲಿ ಇದೇ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಹೆಣ್ಣುಮಕ್ಕಳು ಕಜಕಸ್ತಾನವನ್ನು 75-73ರಲ್ಲಿ ಮಣಿಸಿ, ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದು ಎ ವಿಭಾಗಕ್ಕೇರಿದರು. ಆ ತಂಡದ ಐವರ ಹೆಸರು ಹೇಳಿ ನೋಡೋಣ! ಹೋಗಲಿ, ನಿಮ್ಮ ಕಾಲೇಜಿನ ತಂಡದ ಐವರು?

ಗೊತ್ತಿಲ್ಲ. ಹೇಗೆ ಗೊತ್ತಾಗಬೇಕು? ಪ್ರತಿ ವರ್ಷ ಕಾಲೇಜು ಟೂರ್ನಮೆಂಟುಗಳ ಕರಪತ್ರ ನಮ್ಮಲ್ಲಿ ಅಚ್ಚಾಗುತ್ತದೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಪ್ರಾಯೋಜಕರು, ಎಲ್ಲರ ಫೋಟೋ ಸಮೇತ, ಅದೂ ಇಂಗ್ಲಿಷಿನಲ್ಲಿ! ಪ್ರೂಫ್ ನೋಡಲು ಬಂದ ಹುಡುಗನನ್ನು ಕೇಳಿದೆ: 'ಆಡೋರ ಹೆಸರೆಲ್ಲಪ್ಪಾ?' ತಲೆ ಕೆರೆದುಕೊಂಡು ಹೇಳಿದ: 'ಜಾಗ ಸಾಲಲ್ಲ ಸಾರ್.'

ಜಾಗ ಸಾಲುವುದಿಲ್ಲ! ಕನ್ನಡದ ಹುಡುಗನ ಹೆಸರಿಗೆ ಅವನದೇ ಊರಿನ ಕರಪತ್ರದಲ್ಲಿ ಒಂದು ಸಾಲಿಲ್ಲ. ಅಮೆರಿಕದವನು ಮುಂದಿನ ತಂಡವನ್ನು ಊಹಿಸಬಲ್ಲ, ಏಕೆಂದರೆ ಯಾರು ಎಷ್ಟು ನಿಮಿಷ ಆಡಿದ, ಎಷ್ಟು ಅಂಕ ಗಳಿಸಿದ ಎಂದು ಪ್ರತಿ ಪಂದ್ಯಕ್ಕೂ ಅವನ ಭಾಷೆಯಲ್ಲಿ ಅಚ್ಚಾಗುತ್ತದೆ. ನಾವು ಅವರ ಆಟಗಾರರನ್ನು ಬಾಯಿಪಾಠ ಮಾಡಿದೆವು, ಅವರ ಲೆಕ್ಕದ ಪುಸ್ತಕವನ್ನು ಕಲಿಯಲಿಲ್ಲ!

ಆದ್ದರಿಂದ ತರುಣರೇ, ನಿಮ್ಮ ಕಾಲೇಜಿನ ಅಂಕಣಕ್ಕೆ ಹೋಗಿ. ಸ್ಕೋರನ್ನು ಕನ್ನಡದಲ್ಲಿ ಬರೆಯಿರಿ, ಮೈಕಿನಲ್ಲಿ ಕನ್ನಡದಲ್ಲಿ ಕೂಗಿ. ಕ್ರೀಡಾ ಕೋಟಾದ ಸೀಟುಗಳಲ್ಲಿ ನಮ್ಮ ಹಳ್ಳಿ, ತಾಲ್ಲೂಕುಗಳ ಮಕ್ಕಳೆಷ್ಟು ಎಂದು ಪ್ರಾಂಶುಪಾಲರನ್ನು ಕೇಳಿ. ಈ ವರ್ಷದ ಐವರ ಹೆಸರು, ಜೊತೆಗೆ ಮುಂದಿನ ವರ್ಷ ಆಡಬಲ್ಲ ಐವರ ಹೆಸರು ಬರೆದು ನನ್ನ ಪ್ರೆಸ್ಸಿಗೆ ತನ್ನಿ. ಕಾಗದದ ದುಡ್ಡು ಕೊಡಿ, ಅಚ್ಚುಕೂಲಿ ನನಗೆ ಬೇಡ.

ಜಾಗ ನಾನು ಮಾಡಿಕೊಡುತ್ತೇನೆ. ಹೆಸರು ನೀವು ತನ್ನಿ!